ಕಾವಲುಗಂಟು

ನಮ್ಮ ಊರಲ್ಲಿ ಬಗ್ಗಿಸಿದ ಯಾವುದೂ ಬೆಳಗಿನವರೆಗೆ ಬಗ್ಗಿಕೊಂಡಿರುವುದಿಲ್ಲ. ಸಂಜೆ ಗೋಡೆಗೆ ಹೊಡೆದ ಕೊಕ್ಕೆ ಬೆಳಗ್ಗೆ ಬರೀ ಮೊಳೆಯಾಗಿರುತ್ತದೆ, ಅದಕ್ಕೆ ತೂಗುಹಾಕಿದ ಅಂಗಿ ನೆಲದ ಮೇಲಿರುತ್ತದೆ. ಸುತ್ತಿಟ್ಟ ಚಾಪೆ ತಾನಾಗಿ ಹಾಸಿಕೊಳ್ಳುತ್ತದೆ. ಹೆಣೆದ ಜಡೆ ನಿದ್ದೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಮಡಿಸಿದ ಸೀರೆಯನ್ನು ಕಪಾಟಿನಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಬಾಗಿಲು ನೂಕಿಕೊಂಡು ಹೊರಗೆ ಬಂದು ಚಾಚಿಕೊಂಡಿರುತ್ತದೆ. ಮಕ್ಕಳು ಎಷ್ಟೇ ಮುದುಡಿಕೊಂಡು ಮಲಗಿದರೂ ಏಳುವಾಗ ಕೋಲಿನ ಹಾಗೆ ನೆಟ್ಟಗಿರುತ್ತವೆ. ಗೂನುಬೆನ್ನಿನ ಮುದುಕರು ನಮ್ಮಲ್ಲಿಲ್ಲ. ಹೊರಗಿನಿಂದ ಬಂದವರು ಇದನ್ನೆಲ್ಲ ನೋಡಿ ಮೊದಮೊದಲು ನಗುತ್ತಾರೆ, ಆಮೇಲೆ ರೇಗುತ್ತಾರೆ, ಕೊನೆಗೆ ಗಂಟು ಹಾಕುವುದನ್ನು ಕಲಿಯುತ್ತಾರೆ.

ಗಂಟೂ ಒಂದು ಬಾಗೇ ತಾನೆ, ಅದೂ ಸಡಿಲವಾಗುತ್ತದೆ. ಆದರೆ ಮಿಕ್ಕಿದ್ದಕ್ಕಿಂತ ನಿಧಾನವಾಗಿ. ಆದ್ದರಿಂದ ನಾವು ಒಂದರ ಮೇಲೊಂದು ಎರಡು ಗಂಟು ಹಾಕಿ, ಅವೆರಡನ್ನೂ ಕಾಯಲು ಮೇಲೊಂದು ದಪ್ಪ ಗಂಟು ಹಾಕುತ್ತೇವೆ. ಅದು ಕಾವಲುಗಂಟು. ಅದನ್ನು ಯಾವಾಗಲೂ ಹೊರಮುಖವಾಗಿ ಹಾಕಬೇಕು, ಬೀದಿಯಲ್ಲಿ ಹೋಗುವವರಿಗೆ ಕಾಣುವ ಹಾಗೆ. ಯಾಕೆಂದರೆ ಸಡಿಲವಾದ ಕಾವಲುಗಂಟನ್ನು ಯಾರು ಕಂಡರೂ ಬಿಗಿಯಬೇಕು. ಯಾರದು ಎಂದು ಕೇಳುವ ಹಾಗಿಲ್ಲ, ಬಿಗಿಯಲೇ ಎಂದೂ ಕೇಳುವ ಹಾಗಿಲ್ಲ. ಬಸ್ಸಿನಲ್ಲಿ ಮುಂದೆ ಕೂತ ಹೆಂಗಸಿನ ಚೀಲದ ಗಂಟು ಜಾರಿದ್ದರೆ ಹಿಂದೆ ಕೂತವನು ಕೈಚಾಚಿ ಬಿಗಿಯುತ್ತಾನೆ, ಅವಳು ತಿರುಗಿ ನೋಡುವುದಿಲ್ಲ. ಮಾತು ಬಿಟ್ಟ ಅಣ್ಣತಮ್ಮಂದಿರು ಕೂಡ ಹಾದುಹೋಗುವಾಗ ಒಬ್ಬರ ಬೇಲಿಯ ಗಂಟನ್ನು ಇನ್ನೊಬ್ಬರು ಬಿಗಿದು ಹೋಗುತ್ತಾರೆ. ಎದುರಿಗೆ ಬಂದವರ ಮುಖ ನೋಡುವ ಮೊದಲು ನಾವು ನೋಡುವುದು ಅವರ ಗಂಟನ್ನು. ಮುಖ ನೋಡುವುದನ್ನು ಎಷ್ಟೋ ಸಲ ಮರೆತೇಬಿಡುತ್ತೇವೆ.

ನನ್ನ ಭಾವನ ಗಂಟನ್ನು ಮಾತ್ರ ಇಡೀ ಊರು ದೂರದಿಂದಲೇ ಗುರುತು ಹಿಡಿಯುತ್ತಿತ್ತು. ಅವನು ಎಡಚ. ಅವನು ಹಾಕಿದ ಗಂಟು ಎಲ್ಲರ ಗಂಟಿಗಿಂತ ತಿರುವುಮುರುವಾಗಿ, ಎಡಕ್ಕೆ ತಿರುಗಿ ಕೂತಿರುತ್ತಿತ್ತು. ಹೆಸರು ವಾಮನ, ಆಳು ನೋಡಿದರೆ ಬಾಗಿಲವಾಡಕ್ಕೆ ತಲೆ ತಾಗುವಷ್ಟು ಎತ್ತರ. ಬಸ್‌ ನಿಲ್ದಾಣದ ಎದುರು ಅವನದೊಂದು ತಿಂಡಿ ಅಂಗಡಿ: ಚಕ್ಕುಲಿ, ಕೋಡುಬಳೆ, ಜಿಲೇಬಿ. ನಮ್ಮ ಊರಲ್ಲಿ ಇವೆಲ್ಲ ಕರಿದ ದಿನವೇ ಮುಗಿಯಬೇಕು. ಉಳಿದರೆ ಬೆಳಗ್ಗೆ ಡಬ್ಬಿಯ ತುಂಬ ಕಡ್ಡಿಗಳಿರುತ್ತವೆ. ಭಾವ ಅವನ್ನು ಸ್ಕೂಲಿಗೆ ಹೋಗುವ ಮಕ್ಕಳಿಗೆ ಹಂಚುತ್ತ, "ಬನ್ನಿ ಬನ್ನಿ, ನಿನ್ನೆಯ ಕೋಡುಬಳೆ, ಇವತ್ತಿನ ಬಳಪ" ಎಂದು ಕೂಗುತ್ತಿದ್ದ. ಅವನಿಗೆ ಮಾತು ಬೇಕೇ ಬೇಕು. ನನಗೆ ಮಾತಿನ ನಡುವಿನ ಜಾಗ ಸಾಕು. ನಾನು ಅಂಗಡಿಯ ಹಿಂದಿನ ಬೆಂಚಿನ ಮೇಲೆ ಕೂತು, ಹಿಟ್ಟು ಎಣ್ಣೆಗೆ ಬೀಳುವ ಮುಂಚಿನ ಆ ಒಂದು ಗಳಿಗೆಯ ನಿಶ್ಶಬ್ದವನ್ನು ಕೇಳಿಸಿಕೊಳ್ಳುತ್ತಿದ್ದೆ. ಅಕ್ಕ ನಮ್ಮಿಬ್ಬರನ್ನೂ ನೋಡಿ, "ಒಬ್ಬರಿಗೆ ಬಾಯಿ, ಇನ್ನೊಬ್ಬರಿಗೆ ಕಿವಿ. ಇಬ್ಬರೂ ಸೇರಿದರೆ ಒಂದು ಪೂರ್ತಿ ಮನುಷ್ಯ" ಎನ್ನುತ್ತಿದ್ದಳು.

ಸುರುಳಿ ಜ್ವರ ಬಂದಾಗ ನಮಗೆ ಮೊದಲು ಆದದ್ದು ಭಯವಲ್ಲ, ಬೆರಗು. ಕೆರೆಬೀದಿಯ ಒಬ್ಬ ಮುದುಕಿ ಜ್ವರದಲ್ಲಿ ಮೊಣಕಾಲನ್ನು ಗದ್ದಕ್ಕೆ ತಂದು, ಬಸವನಹುಳುವಿನ ಹಾಗೆ ಸುತ್ತಿಕೊಂಡು ಮಲಗಿದಳು. ಬೆಳಗ್ಗೆಯೂ ಹಾಗೇ ಇದ್ದಳು. ಮಾರನೆಯ ಬೆಳಗ್ಗೆಯೂ. ಗಟ್ಟಿಮುಟ್ಟಾದ ಮೊಮ್ಮಕ್ಕಳು ಸೇರಿ ಎಳೆದರೂ ಅವಳ ಕಾಲು ನೆಟ್ಟಗಾಗಲಿಲ್ಲ. ಜನ ಹೊಸ್ತಿಲಲ್ಲಿ ನಿಂತು ನೋಡಿ ಹೋದರು. ನಮ್ಮ ಊರಲ್ಲಿ ಬಾಗಿದ್ದೊಂದು ಬಾಗಿಯೇ ಇದೆ ಎಂದು ಹೇಳಿ ಕಳಿಸಿ ನೆಂಟರನ್ನು ಕರೆಸಿದರು. ಕೊನೆಗೊಂದು ದಿನ ಅವಳು ತಾನಾಗಿ ನೆಟ್ಟಗಾಗಿದ್ದಳು. ಮನೆಯವರು ಸಂತೋಷದಿಂದ ಬೀದಿಗೆಲ್ಲ ಸಕ್ಕರೆ ಹಂಚಿದರು. ಹಂಚಿ ಒಳಗೆ ಬಂದಮೇಲೆ ಅವಳ ಮೂಗಿನ ಹತ್ತಿರ ಕೈ ಹಿಡಿದು ನೋಡಿದರು. ಅಂದಿನಿಂದ ರೋಗಿ ನೆಟ್ಟಗಾದರೆ ನಮ್ಮಲ್ಲಿ ಯಾರೂ ಸಕ್ಕರೆ ಹಂಚುವುದಿಲ್ಲ.

ಅಕ್ಕ ಸುತ್ತಿಕೊಂಡದ್ದು ಆ ವರ್ಷದ ಚಳಿಗಾಲದಲ್ಲಿ. ಅವಳು ನೆಟ್ಟಗಾದ ಮೇಲೆ ಭಾವ ಬಹಳ ಕಾಲ ಅಂಗಡಿ ತೆರೆಯಲಿಲ್ಲ. ತೆರೆದಾಗ ಮೊದಲಿನಂತೆಯೇ ಮಾತಾಡಿದ. ಆದರೆ ಅವನ ಮಾತಿನ ನಡುವೆ ಈಗ ಜಾಗವೇ ಇರಲಿಲ್ಲ. ಜಾಗ ಬಿಟ್ಟರೆ ಏನೋ ಒಳಗೆ ಬರುತ್ತದೆ ಎನ್ನುವ ಹಾಗೆ ಮಾತಾಡುತ್ತಿದ್ದ.

ನಾನು ಕೆಲಸ ಮಾಡುತ್ತಿದ್ದ ಪ್ರಯೋಗಾಲಯ ಊರ ಹೊರಗಿನ ಹಳೆಯ ನೂಲಿನ ಗಿರಣಿಯಲ್ಲಿತ್ತು. ಸುತ್ತಿದ ನೂಲು ಸುತ್ತಿಕೊಂಡೇ ಇರುವುದಿಲ್ಲ ಎಂದು ಆ ಗಿರಣಿ ಹಿಂದೆಯೇ ಮುಚ್ಚಿಹೋಗಿತ್ತು. ಅಲ್ಲಿ ನಮ್ಮ ಹಿರಿಯರು ಇಂದುಧರ ಸರ್. ಅವರ ಕೈಕೆಳಗೆ ನಾನು ಮತ್ತು ಫಿಲೋಮಿನಾ. ಸುರುಳಿ ಜ್ವರದ ವೈರಸ್ಸಿನ ಮೈಮೇಲೆ ಒಂದು ಸಣ್ಣ ಕೊಕ್ಕೆಯಿದೆ. ಅದನ್ನು ನಮ್ಮ ಜೀವಕೋಶಕ್ಕೆ ಸಿಕ್ಕಿಸಿಕೊಂಡೇ ಅದು ಒಳಗೆ ಬರುವುದು. ರಕ್ತದಲ್ಲಿರುವ ಪ್ರತಿಕಾಯಗಳು ಆ ಕೊಕ್ಕೆಯನ್ನೇ ಗಟ್ಟಿಯಾಗಿ ಹಿಡಿದುಕೊಂಡರೆ ವೈರಸ್ ಒಳಗೆ ಬರಲಾರದು. ಆದರೆ ಯಾವುದನ್ನು ಹಿಡಿಯಬೇಕು ಎಂದು ದೇಹಕ್ಕೆ ಮೊದಲೇ ಗೊತ್ತಿರುವುದಿಲ್ಲ, ತೋರಿಸಿ ಕಲಿಸಬೇಕು. ವೈರಸ್ಸನ್ನೇ ತೋರಿಸಿದರೆ ಮನುಷ್ಯ ಸಾಯುತ್ತಾನೆ. ಆದ್ದರಿಂದ ಕೊಕ್ಕೆಯನ್ನು ಮಾತ್ರ ಬೇರೆಯಾಗಿ ಮಾಡಿ ತೋರಿಸಬೇಕು. ಅಮೈನೋ ಆಮ್ಲದ ಮಣಿಗಳನ್ನು ಒಂದಕ್ಕೊಂದು ಪೋಣಿಸಿ ಮಾಡುವ ಸಣ್ಣ ಸರಕ್ಕೆ ಪೆಪ್ಟೈಡ್ ಎನ್ನುತ್ತಾರೆ. ಕೊಕ್ಕೆಯಲ್ಲಿರುವ ಮಣಿಗಳನ್ನೇ ಅದೇ ಕ್ರಮದಲ್ಲಿ ನಾವು ಪೋಣಿಸಿದೆವು. ಪೋಣಿಸುವುದು ಕಷ್ಟವಲ್ಲ. ಅದು ಕೊಕ್ಕೆಯ ಆಕಾರದಲ್ಲಿ ನಿಲ್ಲಬೇಕಲ್ಲ?

ಹೊರ ಊರುಗಳಲ್ಲೂ ಇದು ಸುಲಭವಲ್ಲವಂತೆ. ಬಿಡಿಯಾದ ಸರ ನೀರಿನಲ್ಲಿ ತನ್ನ ಮನಸ್ಸಿಗೆ ಬಂದಂತೆ ತೇಲುತ್ತದೆ. ಅಲ್ಲಿಯವರು ಎರಡು ತುದಿ ಸೇರಿಸಿ ಉಂಗುರ ಮಾಡುತ್ತಾರೆ, ನಡುವೆ ಒಂದು ಸೇತುವೆ ಹಾಕುತ್ತಾರೆ, ಅಷ್ಟಕ್ಕೆ ನಿಲ್ಲುತ್ತದೆ. ನಮ್ಮ ಊರಲ್ಲಿ ಉಂಗುರ ಬೆಳಗಾಗುವಷ್ಟರಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಅಣುಗಳ ಆಕಾರ ತೋರಿಸುವ ಯಂತ್ರದ ಮುಂದೆ ಫಿಲೋಮಿನಾ ದಿನವೂ ಮೊದಲು ಹೋಗಿ ಕೂರುತ್ತಿದ್ದಳು. ಪರದೆ ನೋಡಿ, "ಕಡ್ಡಿ" ಎನ್ನುತ್ತಿದ್ದಳು. ಅಷ್ಟೇ. ಇಂದುಧರ ಸರ್ ಕನ್ನಡಕ ತೆಗೆದು ಒರೆಸುತ್ತಿದ್ದರು. ವೈರಸ್ಸಿನ ಮೈಮೇಲಿನ ಕೊಕ್ಕೆ ಮಾತ್ರ ನಮ್ಮ ಊರಲ್ಲೂ ಬಾಗಿಯೇ ಇರುತ್ತಿತ್ತು. ಅದು ಹೇಗೆ ಎಂದು ನಮಗೆ ಗೊತ್ತಾಗಲಿಲ್ಲ. ನಮಗೆ ಅದರ ಮೇಲೆ ಒಂದು ರೀತಿಯ ಅಸೂಯೆ ಕೂಡ ಇತ್ತು.

ಒಂದು ಸಂಜೆ ಅಂಗಡಿಯಲ್ಲಿ ಭಾವ, "ಏನಯ್ಯ ವಿಜ್ಞಾನಿ, ಎಲ್ಲಿಗೆ ಬಂತು ನಿಮ್ಮ ಕೊಕ್ಕೆ?" ಎಂದ.

"ನಿಲ್ಲುತ್ತಾ ಇಲ್ಲ ಭಾವ. ನೆಟ್ಟಗಾದ ಸರ ಚುಚ್ಚಿದರೆ ದೇಹ ನೆಟ್ಟಗಿರೋದನ್ನೇ ಕಲಿಯುತ್ತೆ. ಆಮೇಲೆ ನಿಜವಾದ ಕೊಕ್ಕೆ ಬಂದಾಗ ಗುರುತೇ ಹಿಡಿಯಲ್ಲ."

ಅವನು ಜಾಲರಿ ಸೌಟಿನಲ್ಲಿದ್ದ ಕೋಡುಬಳೆಯನ್ನೊಮ್ಮೆ, ಡಬ್ಬಿಯಲ್ಲಿ ಉಳಿದಿದ್ದ ನಿನ್ನೆಯ ಕಡ್ಡಿಯನ್ನೊಮ್ಮೆ ನೋಡಿದ. "ಅಂದರೆ ಇದನ್ನ ತೋರಿಸಿ, ಅದು ಬಂದಾಗ ಹಿಡ್ಕೊ ಅಂದ ಹಾಗೆ. ಪಾಪ, ದೇಹದ್ದೇನು ತಪ್ಪು?"

"ತಪ್ಪೇನಿಲ್ಲ."

"ಗಂಟು ಹಾಕಿ ಮತ್ತೆ. ಊರಲ್ಲಿ ಹುಟ್ಟಿ ಗಂಟು ಹಾಕೋದು ನಾನು ಹೇಳಿಕೊಡಬೇಕಾ?"

ಅವನು ಹೇಳಿದ್ದರಿಂದಲೇ ಹಾಕಿದೆವು ಎಂದಲ್ಲ. ಇಂದುಧರ ಸರ್ ಅಷ್ಟರಲ್ಲಿ ಅದನ್ನೇ ಯೋಚಿಸುತ್ತಿದ್ದರು. ನಮ್ಮ ಊರಲ್ಲಿ ಯಾರೇ ಆದರೂ ಅದನ್ನೇ ಯೋಚಿಸುತ್ತಿದ್ದರು. ಕೊಕ್ಕೆಯ ಎರಡು ತುದಿ ಸೇರಿಸಿ ಒಂದು ಬಿಗಿ, ಹೊಟ್ಟೆಯಲ್ಲಿ ಅಡ್ಡಲಾಗಿ ಇನ್ನೊಂದು ಬಿಗಿ, ಇವೆರಡನ್ನೂ ಹಿಡಿದು ನಿಲ್ಲಿಸುವ ಮೂರನೆಯದು ಒಂದು ದಪ್ಪನೆಯ ರಾಸಾಯನಿಕ ಬಂಧ. ಅದನ್ನು ಕೊಕ್ಕೆಯ ಹೊರಮೈ ಮೇಲೆ ಕೂರಿಸಿದೆವು. ಯಂತ್ರದ ಪರದೆಯ ಮೇಲೆ ಅದು ಚೆನ್ನಾಗಿ ಕಾಣುತ್ತಿತ್ತು, ಬಿಗಿಯಾಗಿದೆಯೋ ಜಾರಿದೆಯೋ ನೋಡಿದ ಕೂಡಲೇ ತಿಳಿಯುತ್ತಿತ್ತು. ಅದಕ್ಕೆ ಉದ್ದದ ಹೆಸರೊಂದಿತ್ತು, ಆದರೆ ನಾವು ಮೂವರೂ ಮೊದಲ ದಿನದಿಂದಲೇ ಅದನ್ನು ಕಾವಲುಗಂಟು ಎಂದೇ ಕರೆದೆವು. ಹಾಗೆ ಕರೆಯೋಣ ಎಂದು ಯಾರೂ ಹೇಳಿರಲಿಲ್ಲ.

ಮಾರನೆಯ ದಿನ ನಾನು ಗಿರಣಿಗೆ ಹೋದಾಗ ಫಿಲೋಮಿನಾ ಯಂತ್ರದ ಮುಂದೆ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ಅವಳು ಕಡ್ಡಿ ಎನ್ನಲಿಲ್ಲ. ನಾನು ಬಗ್ಗಿ ನೋಡಿದೆ. ಪರದೆಯ ಮೇಲೆ ಕೊಕ್ಕೆ ಕೊಕ್ಕೆಯಾಗಿಯೇ ಇತ್ತು. ಅದರ ಮೇಲೆ ಕಾವಲುಗಂಟು, ಮದುಮಗನ ಬಾಸಿಂಗದ ಹಾಗೆ. ಆ ವಾರವೂ ಹಾಗೇ ಇತ್ತು, ಆ ತಿಂಗಳೂ. ನಮ್ಮ ಊರಲ್ಲಿ ಮನುಷ್ಯರು ಮಾಡಿದ ಬಾಗೊಂದು ಅಷ್ಟು ಕಾಲ ನಿಂತದ್ದು ಅದೇ ಮೊದಲು. ಮೊಲಗಳಿಗೆ ಚುಚ್ಚಿ ನೋಡಿದೆವು. ರಕ್ತದಲ್ಲಿ ಪ್ರತಿಕಾಯಗಳು ಬಂದವು. ಮೊಲಗಳಿಗೆ ಸುರುಳಿ ಜ್ವರ ಬರುವುದಿಲ್ಲ, ಆದ್ದರಿಂದ ಅದಕ್ಕಿಂತ ಹೆಚ್ಚಿಗೆ ಅವುಗಳಿಂದ ತಿಳಿಯುವುದು ಏನೂ ಇರಲಿಲ್ಲ. ಇನ್ನು ಮನುಷ್ಯರು ಬೇಕಿತ್ತು.

"ನನಗೇ ಮೊದಲು ಚುಚ್ಚು" ಎಂದ ಭಾವ. "ಏನಾದರೂ ಎಡವಟ್ಟಾದರೆ ಬೈಯೋಕೆ ಊರೆಲ್ಲ ಹುಡುಕಬೇಕಾಗಿಲ್ಲ. ಮನೇಲೇ ಸಿಗ್ತೀಯ."

ಅವನ ಜೊತೆ ಇನ್ನೂ ಕೆಲವರು ತೋಳು ಕೊಟ್ಟರು. ಕೆಲವು ವಾರಗಳ ಮೇಲೆ ಅವರ ರಕ್ತದ ತಿಳಿಯನ್ನು, ಅಂದರೆ ರಕ್ತ ಹೆಪ್ಪುಗಟ್ಟಿದಾಗ ಮೇಲೆ ನಿಲ್ಲುವ ಹಳದಿ ನೀರನ್ನು, ನಮ್ಮ ಪೆಪ್ಟೈಡ್ ಸವರಿದ ತಟ್ಟೆಯ ಗುಳಿಗಳಿಗೆ ಹಾಕಿದೆವು. ಪ್ರತಿಕಾಯಗಳು ಅದನ್ನು ಗುರುತು ಹಿಡಿದು ಅಂಟಿಕೊಂಡರೆ ಗುಳಿ ನೀಲಿಯಾಗುತ್ತದೆ. ಒಂದೊಂದೇ ಗುಳಿ ನೀಲಿಯಾಯಿತು. ಭಾವನದು ಎಲ್ಲಕ್ಕಿಂತ ಕಡು ನೀಲಿ. ಇಂದುಧರ ಸರ್ ತಟ್ಟೆಗೆ ಕೈಮುಗಿದರು. ಫಿಲೋಮಿನಾ ನನ್ನ ಬೆನ್ನಿಗೊಂದು ಗುದ್ದಿ, "ಏ ಮೌನಿಬಾಬಾ, ಈಗಲಾದರೂ ಏನಾದರೂ ಅನ್ನೋ" ಎಂದಳು. ನನಗೆ ಅಕ್ಕ ಇನ್ನೊಂದಿಷ್ಟು ದಿನ ತಡೆದುಕೊಂಡಿದ್ದರೆ ಎಂದು ಮಾತ್ರ ಅನ್ನಿಸಿತು.

ಸುದ್ದಿ ಊರಿಗೆ ಮುಟ್ಟಿದಾಗ ಜನ ಗಿರಣಿಯ ಗೇಟಿಗೆ ಬಂದು, ಬಿಗಿಯಾಗಿಯೇ ಇದ್ದ ಅದರ ಕಾವಲುಗಂಟನ್ನು ಒಬ್ಬೊಬ್ಬರಾಗಿ ಇನ್ನಷ್ಟು ಬಿಗಿದು ಹೋದರು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆಯಿಲ್ಲ. ಭಾವ ಜಿಲೇಬಿ ಹಂಚಿದ. ಹಂಚಿ ಮುಗಿಸಿ, ಬಾಣಲೆ ತೊಳೆದು ಕವುಚಿಟ್ಟು, "ನಾಳೆಯಿಂದ ಜ್ವರದ ಆಸ್ಪತ್ರೆಗೆ ಹೋಗ್ತೀನಿ" ಎಂದ.

"ಇನ್ನೊಂದು ಪರೀಕ್ಷೆ ಇದೆ ಭಾವ. ಅಂಟಿಕೊಳ್ಳೋದು ಬೇರೆ, ತಡೆಯೋದು ಬೇರೆ. ನಿನ್ನ ರಕ್ತದ ತಿಳಿಗೆ ನಿಜವಾದ ವೈರಸ್ ಬೆರೆಸಿ, ಅದನ್ನ ಜೀವಕೋಶಗಳ ಮೇಲೆ ಹಾಕಿ, ಅವು ಉಳಿಯುತ್ತವಾ ಅಂತ ನೋಡಬೇಕು. ಕೋಶ ಬೆಳೆಸೋಕೆ ಸ್ವಲ್ಪ ಕಾಲ ಹಿಡಿಯುತ್ತೆ. ಅಲ್ಲಿಯವರೆಗೆ ಇರು."

"ಅಲ್ಲಿ ನೀರು ಕೊಡೋಕೂ ಜನ ಇಲ್ಲ, ಗೊತ್ತಾ? ನರ್ಸುಗಳಲ್ಲಿ ಅರ್ಧ ಜನ ಮಂಚದ ಮೇಲೇ ಇದಾರೆ." ಅವನು ಕೈ ಒರೆಸಿಕೊಂಡ. "ನಿಮ್ಮ ಅಕ್ಕನಿಗೆ ಕೊನೇಲಿ ಗಂಜಿ ಕುಡಿಸಿದ್ದು ನಾನೇ. ಸುತ್ತಿಕೊಂಡವರ ಮುಖ ಒಳಗಡೆ ಇರುತ್ತೆ ಕಣೋ. ಮೇಲೆ ನಿಂತರೆ ಬೆನ್ನು ಮಾತ್ರ ಕಾಣುತ್ತೆ. ನೆಲದ ಮೇಲೆ ಮಲಗಿ, ಕೆಳಗಿನಿಂದ ನೋಡಿದರೆ ಮುಖ ಸಿಗುತ್ತೆ. ಅಲ್ಲಿ ಯಾರೂ ನೆಲದ ಮೇಲೆ ಮಲಗ್ತಾ ಇಲ್ಲ ಈಗ."

"ಸ್ವಲ್ಪ ದಿನ ಅಷ್ಟೇ ಭಾವ."

"ಅವರಿಗೆ ಸ್ವಲ್ಪ ದಿನ ಇದೆಯಾ?"

ಅವನು ಹೋದ. ಚುಚ್ಚಿಸಿಕೊಂಡ ಉಳಿದವರಲ್ಲಿ ಇಬ್ಬರು ಅವನ ಹಿಂದೆ ಹೋದರು.

ಜೀವಕೋಶಗಳು ಬೆಳೆದವು. ಪರೀಕ್ಷೆ ಮಾಡಿದೆವು. ಆ ದಿನ ಸೂಕ್ಷ್ಮದರ್ಶಕದಲ್ಲಿ ಮೊದಲು ಕಣ್ಣಿಟ್ಟವರು ಇಂದುಧರ ಸರ್. ಬಹಳ ಹೊತ್ತು ನೋಡಿದರು. ನಾನು ಎಷ್ಟೋ ಬಗೆಯ ಮೌನಗಳನ್ನು ಕಂಡಿದ್ದೇನೆ, ಅವುಗಳಲ್ಲಿ ಕೆಲವನ್ನು ಹುಡುಕಿಕೊಂಡೇ ಹೋಗಿದ್ದೇನೆ. ಇದು ಅವುಗಳಲ್ಲಿ ಒಂದಾಗಿರಲಿಲ್ಲ. ಸರ್ ಏಳದೆ ಇದ್ದುದರಿಂದಲೇ ನನಗೆ ಗೊತ್ತಾಯಿತು. ಜೀವಕೋಶಗಳೆಲ್ಲ ಸತ್ತಿದ್ದವು. ಭಾವನ ರಕ್ತದ ತಿಳಿ ಹಾಕಿದ ಬಟ್ಟಲಿನಲ್ಲೂ, ವೈರಸ್ಸಿಗೆ ಬರೀ ಉಪ್ಪುನೀರು ಬೆರೆಸಿ ಹಾಕಿದ ಬಟ್ಟಲಿನಲ್ಲೂ ಒಂದೇ ಹಾಗೆ ಸತ್ತಿದ್ದವು.

"ಎಲ್ಲೋ ತಪ್ಪಾಗಿದೆ" ಎಂದಳು ಫಿಲೋಮಿನಾ. "ನೀಲಿಯಾಗಿತ್ತಲ್ಲ ಸರ್? ಕಣ್ಣಾರೆ ನೋಡಿದ್ವಲ್ಲ?"

ಅವಳು ತಾನೇ ಹೋಗಿ ಹೊಸ ತಟ್ಟೆ ತಂದಳು. ಒಂದು ಸಾಲಿಗೆ ನಮ್ಮ ಪೆಪ್ಟೈಡನ್ನು ಇದ್ದ ಹಾಗೆಯೇ ಸವರಿದಳು. ಇನ್ನೊಂದು ಸಾಲಿಗೆ ಕಾವಲುಗಂಟು ಇಲ್ಲದ ಕೊಕ್ಕೆಯನ್ನು ಅದೇ ಗಳಿಗೆಯಲ್ಲಿ ಬಗ್ಗಿಸಿ ಸವರಿದಳು. ಆಮೇಲೆ ಸ್ವಲ್ಪ ಯೋಚಿಸಿ, ಮೂರನೆಯ ಸಾಲಿಗೆ ವೈರಸ್ಸಿಗೂ ಜ್ವರಕ್ಕೂ ಸಂಬಂಧವೇ ಇಲ್ಲದ ಯಾವುದೋ ಸರ ತೆಗೆದುಕೊಂಡು, ಅದಕ್ಕೆ ಕಾವಲುಗಂಟು ಮಾತ್ರ ಹಾಕಿ ಸವರಿದಳು. ಎಲ್ಲದಕ್ಕೂ ಭಾವನ ರಕ್ತದ ತಿಳಿ ಹಾಕಿದೆವು. ಕಾದೆವು. ಮೊದಲ ಸಾಲು ನೀಲಿಯಾಯಿತು. ಕೊಕ್ಕೆಯ ಸಾಲಿಗೆ ಬಣ್ಣವೇ ಬರಲಿಲ್ಲ. ಮೂರನೆಯ ಸಾಲು, ಗಂಟು ಬಿಟ್ಟರೆ ಬೇರೇನೂ ಇಲ್ಲದ ಸಾಲು, ಮೊದಲನೆಯದಕ್ಕಿಂತ ಕಡು ನೀಲಿಯಾಯಿತು.

ದೇಹ ಕಲಿತಿತ್ತು. ಶ್ರದ್ಧೆಯಿಂದ, ಚೆನ್ನಾಗಿ ಕಲಿತಿತ್ತು. ನಾವು ಎಲ್ಲಕ್ಕಿಂತ ಮುಂದೆ, ಎಲ್ಲಕ್ಕಿಂತ ದಪ್ಪವಾಗಿ, ಹೊರಮುಖವಾಗಿ ಏನನ್ನು ಇಟ್ಟಿದ್ದೆವೋ ಅದನ್ನು ಕಲಿತಿತ್ತು. ಅದರ ಹಿಂದೆ ಇದ್ದ ಕೊಕ್ಕೆಯನ್ನು ಅದು ನೋಡಿಯೇ ಇರಲಿಲ್ಲ. ವೈರಸ್ಸಿನ ಕೊಕ್ಕೆಗೆ ಗಂಟಿಲ್ಲ. ಅದು ಭಾವನ ರಕ್ತಕ್ಕೆ ಬಂದರೆ, ಅಲ್ಲಿ ತುಂಬಿ ತುಳುಕುವ ಪ್ರತಿಕಾಯಗಳ ನಡುವೆ ಯಾರೂ ತಡೆಯದೆ ನಡೆದುಹೋಗುತ್ತದೆ.

"ಒಳಮೈಗೆ ಹಾಕಬಹುದಿತ್ತು" ಎಂದಳು ಫಿಲೋಮಿನಾ. ಅವಳ ದನಿ ಬಹಳ ಸಣ್ಣದಾಗಿತ್ತು. "ಕೊಕ್ಕೆಯ ಒಳಗಡೆ ಜಾಗ ಇತ್ತು. ಅಲ್ಲಿ ಹಾಕಿದ್ದರೆ ದೇಹಕ್ಕೆ ಕಾಣ್ತಿರಲಿಲ್ಲ. ಹೊರಗಡೆ ಯಾಕೆ ಹಾಕಿದ್ವಿ ಸರ್?"

ಇಂದುಧರ ಸರ್ ಅವಳ ಮುಖ ನೋಡಿದರು. ಅವರಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ ಎನ್ನಿಸಿತು.

"ಗಂಟನ್ನ ಇನ್ನೆಲ್ಲಿ ಹಾಕ್ತಾರಮ್ಮ?" ಎಂದರು.

ನಾನು ಆಸ್ಪತ್ರೆಗೆ ಹೋದೆ. ವಾರ್ಡಿನೊಳಗೆ ನನ್ನನ್ನು ಬಿಡಲಿಲ್ಲ, ಕಿಟಕಿಯ ಹತ್ತಿರ ನಿಂತೆ. ಮಂಚಗಳ ಮೇಲೆ ಸುತ್ತಿಕೊಂಡ ಬೆನ್ನುಗಳು. ಭಾವ ಎಲ್ಲೂ ಕಾಣಲಿಲ್ಲ. ಆಮೇಲೆ ಒಂದು ಮಂಚದ ಪಕ್ಕದಿಂದ ಎರಡು ಉದ್ದನೆಯ ಕಾಲುಗಳು ಚಾಚಿಕೊಂಡಿದ್ದು ಕಂಡಿತು. ಅವನು ನೆಲದ ಮೇಲೆ ಅಂಗಾತ ಮಲಗಿ, ಮಂಚದ ಅಂಚಿಗೆ ಬಂದಿದ್ದ ಒಬ್ಬ ಹುಡುಗಿಯ ಮುಖವನ್ನು ಕೆಳಗಿನಿಂದ ನೋಡುತ್ತ, ಚಮಚದಲ್ಲಿ ಗಂಜಿ ಕೊಡುತ್ತಿದ್ದ. ಅರ್ಧ ಗಂಜಿ ಅವನ ಕತ್ತಿನ ಮೇಲೆಯೇ ಬೀಳುತ್ತಿತ್ತು.

"ತಾಯಿ, ನೀನು ಕುಡೀತೀಯೋ ನನಗೆ ಅಭಿಷೇಕ ಮಾಡ್ತೀಯೋ?" ಎನ್ನುತ್ತಿದ್ದ. ಹುಡುಗಿ ನಕ್ಕಳು. ಅದು ನಗು ಎಂದು ಹೊರಗಿನಿಂದ ಗೊತ್ತಾದದ್ದು ಬೆನ್ನು ಅಲುಗಿದ್ದರಿಂದ ಮಾತ್ರ.

ಅವನು ನನ್ನನ್ನು ನೋಡಿ ಎದ್ದು ಬಂದ. ಕಿಟಕಿಯ ಸರಳಿನ ಈಚೆ ನಿಂತು ನಾನು ಎಲ್ಲವನ್ನೂ ಹೇಳಿದೆ. ನೀಲಿ ಸಾಲು, ಬಣ್ಣ ಬಾರದ ಸಾಲು, ಮೂರನೆಯ ಸಾಲು. ನನ್ನ ಜೀವಮಾನದಲ್ಲಿ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಅಕ್ಕ ಹೋದಮೇಲೆ ಅವನು ನನ್ನ ಮಾತಿಗೆ ಜಾಗ ಬಿಟ್ಟದ್ದು ಅದೊಂದೇ ಸಲ.

"ಹಾಗಾದರೆ ನನ್ನೊಳಗೆ ಇರೋದೆಲ್ಲ ಗಂಟು ಕಾಯೋ ಜವಾನರು" ಎಂದ ಕೊನೆಗೆ.

"ಹೊರಗೆ ಬಾ ಭಾವ. ಇನ್ನೂ ತಡವಾಗಿಲ್ಲದೆ ಇರಬಹುದು."

ಅವನು ತನ್ನ ಕತ್ತಿನ ಮೇಲಿನ ಗಂಜಿ ಒರೆಸಿಕೊಂಡ. ತನ್ನ ಕೈ ನೋಡಿಕೊಂಡ. ಆ ಕೈ ಇಷ್ಟು ದಿನ ಎಲ್ಲೆಲ್ಲಿ ಇತ್ತು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

"ನನ್ನ ಜೊತೆ ಬಂದ ಇಬ್ಬರಿಗೆ ಹೇಳು. ಅವರು ಹೋಗೋದಾದರೆ ಹೋಗಲಿ. ಇವರಿಗೆ ಹೇಳಬೇಡ" ಎಂದು ಮಂಚಗಳ ಕಡೆ ತಲೆಯಾಡಿಸಿದ. "ಇವರ ಹತ್ತಿರ ಹೆದರದೆ ನೆಲದ ಮೇಲೆ ಮಲಗಿದವನು ನಾನೊಬ್ಬ. ಈಗ ನಾನೂ ಹೆದರಿ ಓಡಿದೆ ಅಂತ ಗೊತ್ತಾದರೆ ಗಂಜಿ ಇಳಿಯಲ್ಲ ಅವರಿಗೆ."

"ಭಾವ."

"ಹೋಗೋ. ಆ ಸರ್‌ಗೆ ಬೇಜಾರು ಮಾಡ್ಕೋಬೇಡಿ ಅಂತ ಹೇಳು. ನಾನಾಗಿದ್ದರೂ ಹೊರಗೇ ಹಾಕ್ತಿದ್ದೆ."

ಅವನು ತಿರುಗಿ ಹೋಗಿ ಮತ್ತೆ ನೆಲದ ಮೇಲೆ ಮಲಗಿದ. ನಾನು ಅವನ ಕಾಲುಗಳನ್ನು ನೋಡುತ್ತ ನಿಂತಿದ್ದೆ.

ಹುಣ್ಣಿಮೆ ಕಳೆದ ಮೇಲೆ ಅವನಿಗೆ ಜ್ವರ ಬಂತು. ಜೊತೆಗೆ ಹೋದ ಇಬ್ಬರಲ್ಲಿ ಒಬ್ಬನಿಗೂ ಬಂತು. ನನಗೆ ಹೇಳಿ ಕಳಿಸಿದಾಗ ನಾನು ಬಾಯಿಗೆ ಬಟ್ಟೆ ಕಟ್ಟಿಕೊಂಡು ವಾರ್ಡಿನೊಳಗೆ ಹೋದೆ. ಬೇಡ ಎನ್ನಲು ಅಲ್ಲಿ ಈಗ ಯಾರೂ ಇರಲಿಲ್ಲ. ಅಷ್ಟು ಎತ್ತರದ ಆಳು ಮಂಚದ ಅರ್ಧಕ್ಕೆ ಸುತ್ತಿಕೊಂಡು ಮಲಗಿದ್ದ. ನಾನು ನೆಲದ ಮೇಲೆ ಮಲಗಿದೆ. ಕೆಳಗಿನಿಂದ ಅವನ ಮುಖ ಸಿಕ್ಕಿತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅವನ ಎಡಹುಬ್ಬಿನಲ್ಲಿ ಎಣ್ಣೆ ಸಿಡಿದ ಒಂದು ಕಲೆಯಿದೆ ಎಂದು ನನಗೆ ಗೊತ್ತಿರಲಿಲ್ಲ.

"ನೋಡಿದೆಯಾ" ಎಂದ. ಮಾತು ಕಷ್ಟದಿಂದ ಬರುತ್ತಿತ್ತು. "ಈಗ ಹೆಸರಿಗೆ ತಕ್ಕ ಹಾಗೆ ಆದೆ."

ನನಗೆ ನಗು ಬರಲಿಲ್ಲ. ಅವನಿಗೆ ಬೇಸರವಾಗಬಾರದೆಂದು ನಗಲು ನೋಡಿದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದುದರಿಂದ ಅದೂ ಅವನಿಗೆ ಗೊತ್ತಾಯಿತು.

ಅವನ ತಲೆದಿಂಬಿನ ಹತ್ತಿರ ಒಂದು ಸಣ್ಣ ಬಟ್ಟೆಯ ಗಂಟಿತ್ತು. ಬೆರಳುಗಳು ಬಾಗುವ ಮುಂಚೆಯೇ ಅವನು ಅದನ್ನು ಕಟ್ಟಿಟ್ಟಿದ್ದ. ಒಳಗೆ ಅವನ ಒಂದು ಅಂಗಿ, ಬರುವಾಗ ಮನೆಯಿಂದ ತಂದಿದ್ದ ಚಕ್ಕುಲಿ ಒರಳು. ಮಕ್ಕಳ ವಾರ್ಡಿಗೆ ಚಕ್ಕುಲಿ ಮಾಡಿಕೊಡಬೇಕೆಂದು ತಂದದ್ದಂತೆ. ಮೇಲೆ ಎರಡು ಗಂಟು, ಅದರ ಮೇಲೆ ಎಡಕ್ಕೆ ತಿರುಗಿ ಕೂತ ಕಾವಲುಗಂಟು. ನಾನು ದಿನವೂ ಹೋದಾಗ ಮೊದಲು ಅವನ ಮುಖ ನೋಡುತ್ತಿದ್ದೆ. ಆಮೇಲೆ ಆ ಗಂಟನ್ನು ನೋಡಿ, ಜಾರಿದ್ದರೆ ಅದರ ತಿರುವು ಕೆಡದ ಹಾಗೆ ಎರಡು ಎಳೆಯನ್ನು ಮೆಲ್ಲಗೆ ಜಗ್ಗಿ ಬಿಗಿಯುತ್ತಿದ್ದೆ. ಬಿಚ್ಚಿ ಕಟ್ಟಿದರೆ ಅದು ನನ್ನ ಗಂಟಾಗುತ್ತಿತ್ತು.

ಒಂದು ಬೆಳಗ್ಗೆ ನಾನು ವಾರ್ಡಿನ ಬಾಗಿಲಿಗೆ ಬರುವಾಗಲೇ ಅವನ ಕಾಲುಗಳು ಕಂಡವು. ಮಂಚ ಸಾಲದೆ, ತುದಿಯಿಂದ ಹೊರಗೆ ಚಾಚಿಕೊಂಡಿದ್ದವು. ನಾನು ಬಾಗಿಲಲ್ಲೇ ನಿಂತೆ. ಹತ್ತಿರ ಹೋಗುವ ಅಗತ್ಯವಿರಲಿಲ್ಲ. ಆದರೂ ಹೋದೆ. ಅವನ ಮುಖ ಈಗ ಮೇಲ್ಮುಖವಾಗಿತ್ತು. ಯಾರು ಬೇಕಾದರೂ ನಿಂತೇ ನೋಡಬಹುದಿತ್ತು.

ಸುಟ್ಟು ಬಂದ ಮಾರನೆಯ ದಿನ ಇಂದುಧರ ಸರ್ ಹೇಳಿ ಕಳಿಸಿದ್ದರೆಂದು ಗಿರಣಿಗೆ ಹೋದೆ. ಕಪ್ಪು ಹಲಗೆಯ ಮೇಲೆ ಹೊಸ ಚಿತ್ರ ಬರೆದಿದ್ದರು: ಅದೇ ಕೊಕ್ಕೆ, ಕಾವಲುಗಂಟು ಮಾತ್ರ ಒಳಮೈಗೆ. "ಮತ್ತೆ ಮೊದಲಿಂದ ಮಾಡೋಣಪ್ಪ" ಎಂದರು. ಹಾಗೆ ಹೇಳುತ್ತಲೇ ಸೀಮೆಸುಣ್ಣ ಹಿಡಿದ ಕೈ ಹಲಗೆಯ ಹತ್ತಿರ ಹೋಯಿತು. ಒಳಗಿದ್ದ ಗಂಟಿಗೆ ಹೊರಗಿನಿಂದ ಇನ್ನೊಂದು ಸಣ್ಣ ಗಂಟು ಬರೆದು, ಅದು ತಮ್ಮ ಕಣ್ಣಿಗೇ ಬಿದ್ದು, ಒರೆಸಿದರು. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಬರೆದರು. ಫಿಲೋಮಿನಾ ನನ್ನ ಕಡೆ ನೋಡಲಿಲ್ಲ. ಒಳಗಿನ ಗಂಟು ನಿಲ್ಲುತ್ತದೆ ಎಂದು ನಮ್ಮ ಮೂವರಲ್ಲಿ ಯಾರಿಗೂ ನಂಬಿಕೆಯಿರಲಿಲ್ಲ. ಕಾಣದ ಗಂಟನ್ನು ನಂಬುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ.

ಅಲ್ಲಿಂದ ಆಸ್ಪತ್ರೆಗೆ ಹೋಗಿ ಭಾವನ ಬಟ್ಟೆಗಂಟನ್ನು ತೆಗೆದುಕೊಂಡೆ. ಅದು ಅವನು ಕಟ್ಟಿದ ಹಾಗೆಯೇ ಇತ್ತು. ಅವನ ಕೈ ಹೋಗಿತ್ತು, ಅವನ ಕೈಯ ಆ ಎಡತಿರುವು ಮಾತ್ರ ಉಳಿದಿತ್ತು. ಅದನ್ನು ಎದೆಗೆ ಒತ್ತಿಕೊಂಡು ಬಸ್‌ ನಿಲ್ದಾಣದ ದಾರಿ ಹಿಡಿದೆ. ಮುಚ್ಚಿದ ಅಂಗಡಿಯ ಮುಂದೆ ಬರುವಾಗ ಎದುರಿನಿಂದ ಒಬ್ಬ ಹೆಂಗಸು ಬಂದಳು. ತರಕಾರಿ ಬುಟ್ಟಿಯನ್ನು ಸೊಂಟದ ಮೇಲಿಂದ ಕೆಳಗಿಳಿಸಿ, ನನ್ನ ಎದೆಯ ಮೇಲಿದ್ದ ಗಂಟಿಗೆ ಕೈಹಾಕಿದಳು. ಅದು ಜಾರಿರಲಿಲ್ಲ. ಆದರೆ ತಿರುವು ಎಲ್ಲರ ಹಾಗೆ ಇರಲಿಲ್ಲವಲ್ಲ, ಅವಳ ಬೆರಳಿಗೆ ಅದು ತಪ್ಪಾಗಿ ಸಿಕ್ಕಿತು.

"ಬೇಡ" ಎಂದೆ.

ನಮ್ಮ ಊರಲ್ಲಿ ಗಂಟಿನ ಹತ್ತಿರ ಯಾರೂ ಆ ಮಾತು ಹೇಳುವುದಿಲ್ಲ. ಆದ್ದರಿಂದ ಅವಳಿಗೆ ಅದು ಕೇಳಿಸಲೇ ಇಲ್ಲ. ಒಂದೇ ಎಳೆತಕ್ಕೆ ಬಿಚ್ಚಿದಳು. ಬಲಕ್ಕೆ ತಿರುಗಿಸಿ, ಅಚ್ಚುಕಟ್ಟಾಗಿ, ಗಟ್ಟಿಯಾಗಿ ಕಟ್ಟಿದಳು. ಮೇಲೆ ಎರಡು ಸಲ ತಟ್ಟಿದಳು. ಬುಟ್ಟಿ ಎತ್ತಿಕೊಂಡು ಹೋದಳು. ನನ್ನ ಕಣ್ಣಿಂದ ನೀರು ಇಳಿಯುತ್ತಿತ್ತು. ಅವಳು ಅಷ್ಟು ಎತ್ತರಕ್ಕೆ ನೋಡಿರಲಿಲ್ಲ.

ಮನೆಗೆ ಬಂದು ಆ ಗಂಟನ್ನು ಜಗಲಿಯ ಮೇಲಿಟ್ಟೆ. ಸಂಜೆಯಾಯಿತು. ಎಲ್ಲ ಮನೆಗಳಲ್ಲೂ ಗಂಟು ಬಿಗಿಯುವ ಹೊತ್ತು. ನಾನು ಬಿಗಿಯಲಿಲ್ಲ. ಮಾರನೆಯ ದಿನವೂ ಬಿಗಿಯಲಿಲ್ಲ. ಎರಡು ಬೆಳಗು ಕಳೆದ ಮೇಲೆ ಅದು ತಾನಾಗಿ ಬಿಚ್ಚಿಕೊಂಡಿತ್ತು. ಬಟ್ಟೆ ಚೌಕವಾಗಿ ಹಾಸಿಕೊಂಡಿತ್ತು. ಅದರ ಮೇಲೆ ಅಂಗಿ, ತೋಳುಗಳನ್ನು ಎರಡೂ ಕಡೆ ಚಾಚಿ, ನೆಟ್ಟಗೆ ಮಲಗಿತ್ತು. ಪಕ್ಕದಲ್ಲಿ ಒರಳು. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬರು ಅದನ್ನು ಕಂಡು ಮೆಟ್ಟಿಲು ಹತ್ತಿದರು. ನಾನು ಅಂಗಿಯನ್ನೂ ಒರಳನ್ನೂ ಬಟ್ಟೆಯ ಸಮೇತ ಎಳೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿದೆ. ಬಿಚ್ಚಿದ ಗಂಟಿನ ಮೇಲೆ ನಮ್ಮ ಊರಲ್ಲಿ ಯಾರೂ ಬಾಗಿಲು ಹಾಕಿದ್ದಿಲ್ಲ. ಹೊರಗೆ ಜನ ಸೇರಿದ್ದು ಕೇಳಿಸಿತು. ಬಾಗಿಲು ತಟ್ಟಿದರು.

"ಗಂಟು ಬಿಚ್ಚಿದೆ ಕಣಪ್ಪ."

"ರೀ, ಗಂಟು ಬಿಚ್ಚಿದೆ, ಕೊಡ್ರೀ ಇಲ್ಲಿ."

"ಯಾರಾದರೂ ಬಿಗೀರೋ ಅದನ್ನ."

ನಾನು ಅಂಗಿಯ ಪಕ್ಕ ನೆಲದ ಮೇಲೆ ಮಲಗಿದೆ. ಹೊತ್ತು ಏರುವವರೆಗೂ ಅವರು ಹಾಗೇ ಕೂಗುತ್ತಿದ್ದರು. ಒಳಗೆ ಯಾರಿದ್ದೀರಿ ಎಂದು ಒಬ್ಬರೂ ಕೇಳಲಿಲ್ಲ.